ಕೊಸರು

ಎಲ್ ಆಲ್ತೋ ಸಂತೆಯಲ್ಲಿ ಆಲೂಗಡ್ಡೆ ಮಾರುವವಳು ನಾನು.
ತಕ್ಕಡಿ ಇದೆ, ಆದರೂ ನಂಬುವುದು ಅಂಗೈಯನ್ನೇ.
ಎತ್ತಿದರೆ ಸಾಕು, ಅರ್ಧ ಕಿಲೋ, ಮುಕ್ಕಾಲು, ಒಂದು.
ತೂಗಿದ ಮೇಲೆ ಒಂದೆರಡು ಗಡ್ಡೆ ಸುಮ್ಮನೆ ಹಾಕುತ್ತೇನೆ.
ಆ ಕೊಸರಿಲ್ಲದೆ ಗಿರಾಕಿ ಏಳುವುದಿಲ್ಲ.

ಏಳು ತುಂಬುವ ಮೊದಲೇ ನೀನು ಬಂದೆ.
ಒಂಬೈನೂರ ಎಂಬತ್ತು ಗ್ರಾಂ, ಅಂದರು.
ಕೈಗೆ ಕೊಡಲಿಲ್ಲ.
ಗಾಜಿನಾಚೆಯ ತೂಕವನ್ನು
ಅಂಗೈ ಹೇಗೆ ನಂಬೀತು?

ಎಪ್ಪತ್ತೊಂದು ದಿನ.
ಚೀಟಿಯ ಮೇಲೆ ‘ಟಿಕೋನಾ, ಹೆಣ್ಣು’ ಎಂದಷ್ಟೇ.
ನಿನ್ನಪ್ಪ ಫೌಸ್ತಿನೊ, ಮಿನಿಬಸ್ಸಿನ ಬಾಗಿಲಿಗೆ ಜೋತು
ಊರ ನಿಲ್ದಾಣಗಳನ್ನೆಲ್ಲ ಕೂಗುವವನು,
ಅವನ ಗಂಟಲು ಮೂರು ಬೀದಿಗೆ ಕೇಳುತ್ತದೆ.
ಅಲ್ಲಿ ಮಾತ್ರ ಮೊಣಕೈವರೆಗೆ ಸೋಪು ತಿಕ್ಕಿಕೊಂಡು
ತುಟಿ ಹೊಲಿದವನಂತೆ ನಿಲ್ಲುತ್ತಿದ್ದ.
“ಮಾತಾಡಿಸಿ, ಅವಳಿಗೆ ಕೇಳಿಸುತ್ತೆ” ಎಂದಳು ನರ್ಸ್ ಎಲೋದಿಯಾ.
ಏನು ಹೇಳಬೇಕೋ ತೋಚದೆ ಬಗ್ಗಿ
“ಚಿಲ್ಲರೆ ಇದೆಯಾ ತಾಯೀ?” ಅಂದ, ಪಿಸುದನಿಯಲ್ಲಿ.
ನಕ್ಕೆ. ಹೊಟ್ಟೆಯ ಹೊಲಿಗೆ ಹಿಡಿದೆಳೆಯಿತು.

ಬೆಳಗಿನ ತೂಕಕ್ಕೆ ಕಾಯುವುದೇ ನನ್ನ ವ್ಯಾಪಾರ.
ಹನ್ನೆರಡು ಗ್ರಾಂ ಹೆಚ್ಚು.
ಎಂಟು.
ಒಂದು ದಿನ ಮೂವತ್ತು ಕಡಿಮೆ, ಅವತ್ತು
ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ.
ಮತ್ತೆ ಹದಿನೈದು.
ಯಾರೋ ಮೇಲೆ ಕೂತು ಮಾರುತ್ತಿದ್ದಾರೆ, ಮಹಾ ಜಿಪುಣರು,
ಇಷ್ಟು ಕೊಸರಿಗೆ ಎಷ್ಟು ಚೌಕಾಸಿ!

ಪಕ್ಕದ ಪೆಟ್ಟಿಗೆಯವನದೂ ನಿನ್ನದೇ ತೂಕ.
ಇಬ್ಬರಿಗೂ ಟೋಪಿ ಹೆಣೆದಿದ್ದೆ,
ಕಿತ್ತಳೆ ಹಣ್ಣಿಗೆ ತೊಡಿಸಿ ಅಳತೆ ನೋಡಿ.
ಒಂದು ಸೋಮವಾರ ಅಲ್ಲಿ ಹೊಸ ಬಟ್ಟೆ ಹಾಸಿತ್ತು.
ಅವನ ತಾಯಿ ಬ್ರಿಖಿದಾ ಟೋಪಿ ಹಿಂದಿರುಗಿಸಲು ಬಂದಳು.
ಇಟ್ಟುಕೋ, ಎಂದೆ.
ಬೇರೆ ಮಾತು ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಇವತ್ತು ಬಿಟ್ಟುಕೊಟ್ಟರು.
ಸಹಿ, ಮೊಹರು, ಮತ್ತೊಂದು ಕಿಟಕಿ, ಮತ್ತೊಂದು ಸಹಿ.
ಕಾಗದದಲ್ಲಿ ಸಾವಿರದ ಒಂಬೈನೂರು.
ಅಂಗೈ ಹೇಳಿತು: ಅಲ್ಲ, ಸ್ವಲ್ಪ ಜಾಸ್ತಿಯೇ.

ಮೇಲಿನ ಊರಿನ ಗಾಳಿ ತೆಳುವಂತೆ,
ಅದಕ್ಕೆ ಎರವಲು ಆಕ್ಸಿಜನ್ ಸಿಲಿಂಡರು.
ಅಲ್ಲೇ ಹುಟ್ಟಿ ಓಡಾಡಿದ ನಮಗೆ
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಕೇಬಲ್ ಕಾರಿನ ಕೆಂಪು ಡಬ್ಬಿಯಲ್ಲಿ ನಾವು ಮೂವರು,
ಸಿಲಿಂಡರು ನಾಲ್ಕನೆಯದು,
ಎದುರಿಗೆ ಬ್ರೆಡ್ಡಿನ ಚೀಲ ತಬ್ಬಿದ ಮುದುಕಿ.
ತಂತಿ ಸ್ಮಶಾನದ ಮೇಲೇ ಹಾಯುತ್ತದೆ.
ಕೆಳಗೆ ಗೋಡೆ ತುಂಬ ಗೂಡು,
ಗೂಡಿಗೊಂದು ಪುಟ್ಟ ಗಾಜಿನ ಬಾಗಿಲು, ಒಳಗೆ ಹೂವು.
ಇಷ್ಟು ದಿನ ನೋಡಿದ್ದೂ ಗಾಜನ್ನೇ.
ನಿನ್ನ ಮುಖ ಎದೆಗೆ ಒತ್ತಿಕೊಂಡೆ,
ನೀನು ಬಗ್ಗಿ ನೋಡಿಬಿಡುವೆಯೇನೋ ಎಂಬಂತೆ.
“ಎಷ್ಟು ದಿನದ ಕೂಸು?” ಮುದುಕಿ ಕೇಳಿದಳು.
“ಎಪ್ಪತ್ತೊಂದು” ಅಂದೆ ನಾನು.
“ಒಂದು” ಅಂದ ನಿನ್ನಪ್ಪ, ಅದೇ ಉಸಿರಿಗೆ.

ಮನೆ. ಒಂದೇ ಕೋಣೆ, ಒಂದೇ ಬಲ್ಬು.
ಹೆಸರು ಲೆಯೊಕಾದಿಯಾ, ಅಜ್ಜಿಯದು, ನಿನಗಿಂತ ಉದ್ದ.
ಹತ್ತಾಯಿತು. ಹನ್ನೊಂದಾಯಿತು.
ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ, ಉಸಿರಿದೆ.
ಇಲ್ಲದ್ದು ಆ ಯಂತ್ರದ ಟಿಕ್ ಟಿಕ್.
ಅದನ್ನು ಶಪಿಸಿ ಶಪಿಸಿ
ಅದಕ್ಕೇ ಒಗ್ಗಿದ ಕಿವಿಗೆ ಈ ಸದ್ದಿಲ್ಲದಿರುವುದೇ ಅಪಾಯ.

ಕತ್ತಲಲ್ಲಿ ಅವನು ಶುರುಮಾಡಿದ,
ಬಾಯಿಗೆ ಅಂಗೈ ಅಡ್ಡ ಹಿಡಿದು,
ನಿನ್ನ ಒಂದು ಉಸಿರಿಗೆ ಒಂದು:
ಸೇಹಾ.
ಸೆಂಕಾತಾ.
ವಿಲಾ ಅದೇಲಾ.
ರಿಯೊ ಸೆಕೊ.
ಮತ್ತೆ ಸೇಹಾ.

ಯಾರೂ ಇಳಿಯಲಿಲ್ಲ.