ಹಿಂದಿನವರದೊಂದು ಹಿಡಿ

ದಿನಕ್ಕೆ ನೂರ ಎಂಬತ್ತು ಮನೆ.
ಗೇಟು ತೆಗೆ, ಮೀಟರು ಓದು, ಚೀಟಿ ಹರಿ,
ಬಾಗಿಲ ಸಂದಿಗೆ ಸಿಕ್ಕಿಸು, ಗೇಟು ಹಾಕು.
ಹದಿನೇಳು ವರ್ಷದಲ್ಲಿ
ಯಾವ ಹಿತ್ತಿಲಲ್ಲಿ ಯಾವ ನಾಯಿ ಗೊತ್ತು,
ಯಾರ ಮನೆಗೆ ಈ ಬೇಸಿಗೆ ಏಸಿ ಬಂತು ಗೊತ್ತು,
ಯಾವ ಮನೆಯಲ್ಲಿ ಈಗ ಯಾರೂ ಇಲ್ಲವೆಂದು
ಅಂಕಿಯೇ ಹೇಳುತ್ತದೆ.
ನನ್ನ ಹೆಸರು ಮಾತ್ರ ಯಾರೂ ಕೇಳಿಲ್ಲ.

ಈಚೆಗೆ ಬಾಗಿಲೂ ತೆರೆಯುವುದಿಲ್ಲ.
ವಿಜಯನಗರ ಮೂರನೇ ಹಂತದಲ್ಲಿ
ಕರೆಗಂಟೆಯ ಪಕ್ಕದ ಗಾಜಿನ ಕಣ್ಣು
ನನ್ನನ್ನು ನೋಡಿ
ಎಲ್ಲೋ ಇರುವ ಯಾರದೋ ಫೋನಿಗೆ ತೋರಿಸುತ್ತದೆ.
ಗೋಡೆಯೊಳಗಿಂದ ದನಿ: 'ಯಾರು?'
'ಕರೆಂಟ್ ಬಿಲ್ಲು.'
ಅಪ್ಪ ಅಮ್ಮ ಇಟ್ಟ ಹೆಸರೇ ಅದು ಎಂಬಂತೆ ಹೇಳುತ್ತೇನೆ.
'ಅಲ್ಲೇ ಇಟ್ಟು ಹೋಗಿ.'
ಮುಂದಿನ ವರ್ಷದಿಂದ ಮೀಟರು
ತನ್ನ ಅಂಕಿ ತಾನೇ ಹೇಳಿಕೊಳ್ಳುತ್ತದಂತೆ.
ಆಮೇಲೆ ನಾನು ನಾಯಿಗಳಿಗೂ ಬೇಡ.

ಕಾಮಾಲೆಯಾಗಿ ಹದಿನೆಂಟು ದಿನ ಮಲಗಿದ್ದೆ.
ನಮ್ಮ ಕಟ್ಟಡದ ಗುಂಪಿನಲ್ಲಿ ಎಂದಿನಂತೆ
ದಿನಕ್ಕೆ ನಲವತ್ತು ಶುಭೋದಯ.
ಗುಲಾಬಿ, ಹಣತೆ, ಉದಯಿಸುವ ಸೂರ್ಯ.
ಗೋಡೆಯಾಚೆ ಅವರ ಕುಕ್ಕರು ಕೂಗುವುದು ಕೇಳುತ್ತಿತ್ತು.
ನಾನು ಕೆಮ್ಮಿದ್ದು ಅವರಿಗೂ ಕೇಳಿರಬೇಕು.

ಎದ್ದವನು ಮೊದಲು ಹೋದದ್ದು ಇಟ್ಟಿಗೆಗೂಡಿಗೆ.
ಅಲ್ಲಿ ಬೆಳಗಿನ ಜಾವ ಮೃಗಾಲಯದ ಸಿಂಹ ಗರ್ಜಿಸಿದರೆ
ಹಾಲಿನವನೂ ತಿರುಗಿ ನೋಡುವುದಿಲ್ಲ.
ಓಣಿಯ ಕೊನೆಗೆ ಹೊಂಬಾಳಮ್ಮನ ಹಿಟ್ಟಿನ ಗಿರಣಿ.
ಅಲ್ಲಿಯ ಮೀಟರಿನ ಮೇಲೆ ಸದಾ ಬೆರಳು ದಪ್ಪ ಹಿಟ್ಟು,
ಊದಿ ಓದಬೇಕು.
ಮಲಗುವ ಮುನ್ನಾದಿನ ಬಿಟ್ಟುಹೋದ ನನ್ನ ರಾಗಿ ಡಬ್ಬ
ಹಲಗೆಯ ಮೇಲೆ ಹಾಗೇ ಇತ್ತು.
ಮುಚ್ಚಳದಡಿ ಬೇವಿನೆಲೆ, ಒಂದಲ್ಲ, ಎರಡು ಸಲ ಬದಲಿಸಿದ್ದು.
ಮೈಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು:
'ಊದೋರು.'

'ಹುಳ ಬಿದ್ದೋಗದು, ಏನ್ ಮನ್ಸರಪ್ಪ' ಎಂದು ಬೈದು
ಬೀಸಲು ಸುರಿದರು.
'ಕಲ್ಲೊಳಗೆ ಹಿಂದಿನೋರದು ಒಂದು ಹಿಡಿ ಇದ್ದೇ ಇರ್ತದೆ,
ಅದು ನಿಮ್ಗೆ ಬತ್ತದೆ.
ನಿಮ್ದೊಂದು ಹಿಡಿ ಉಳ್ಕತದೆ,
ಅದು ಮುಂದಿನೋರಿಗೆ.
ಅಲ್ಲಿಗೆ ಲೆಕ್ಕ ಸರಿಹೋಯ್ತು.
ಎಷ್ಟು ಜನ ಇದಕ್ಕೇ ಜಗಳ ಆಡ್ತಾರೆ ಗೊತ್ತಾ?'

ಅಷ್ಟರಲ್ಲಿ ಫೋನು.
ತಂಗಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ.
ಸೆರಗು ಕೊಡವಿ, ಗಲ್ಲದ ಡಬ್ಬಿ ತೆರೆದೇ ಬಿಟ್ಟು,
'ಒಂದ್ಗಂಟೆ ನೋಡ್ಕಳಿ' ಎಂದು ಹೊರಟೇಬಿಟ್ಟರು.
ಆಗಲೂ ನನ್ನ ಹೆಸರು ಕೇಳಲಿಲ್ಲ.

ಬೆಲ್ಟಿನ ಸದ್ದಿಗೆ ಎದೆ ಅದುರುತ್ತಿತ್ತು.
ಗೋಧಿ ತಂದ ಹುಡುಗ,
ಚಕ್ಕುಲಿಗೆಂದು ಅಕ್ಕಿ ಹುರಿದು ತಂದ ಬುರ್ಖಾದ ಹೆಂಗಸು,
ಕಿವಿ ಕೇಳದ ಒಬ್ಬರು ಪೈಲ್ವಾನರು:
ಯಾರೂ 'ನೀನ್ಯಾರು' ಅನ್ನಲಿಲ್ಲ.
ಡಬ್ಬ ಕೈಗೆ ಕೊಟ್ಟರು. ಬಿಸಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ
'ಇನ್ನೊಂದ್ಸಲ ಬಿಡಿ, ತರಿ ಐತೆ' ಎಂದರು.
ಪೈಲ್ವಾನರ ರಾಗಿಗೆ ಯಾರದೋ ಅಕ್ಕಿ ಸುರಿದೆ.
ಬೈಸಿಕೊಂಡೆ.
ಎದುರು ನಿಂತು, ಕಣ್ಣು ನೋಡಿ, ನನ್ನನ್ನೇ ಬೈದರು.
ಎಷ್ಟು ವರ್ಷವಾಗಿತ್ತು!

ಒಂದು ಗಂಟೆ ನಾಲ್ಕಾಯಿತು.
ಬಂದವರು ದುಡ್ಡು ಎಣಿಸಲಿಲ್ಲ,
'ಅವಳಿಗೆ ಗ್ಲೂಕೋಸ್ ಹಾಕವ್ರೆ' ಎಂದು
ಮೂಟೆಯ ಮೇಲೆ ಕೂತು ಸುಮ್ಮನೆ ಅತ್ತರು.
ನಾನು ಏನು ಹೇಳಬೇಕೋ ತಿಳಿಯದೆ
ಗಿರಣಿ ನಿಲ್ಲಿಸಿದೆ.
ಸದ್ದಡಗಿದ ಮೇಲೂ ಕಲ್ಲು
ತುಸು ಹೊತ್ತು ತಿರುಗುತ್ತಲೇ ಇತ್ತು.

ಇದಕ್ಕೆ ಸ್ನೇಹ ಎನ್ನುತ್ತಾರೋ ಏನೋ, ಗೊತ್ತಿಲ್ಲ.
ರಾತ್ರಿ ಮುದ್ದೆ ಕಟ್ಟಿದೆ, ಬಸ್ಸಾರಿತ್ತು.
ಯಾರದೋ ಹೊಲದ, ಯಾರದೋ ಅಡುಗೆಮನೆಯ
ಒಂದು ಹಿಡಿ ಇದರೊಳಗೆ.
ಯಾವ ತುತ್ತಿನಲ್ಲಿ ಎಂದು ಹುಡುಕಲಿಲ್ಲ.

ಎಷ್ಟು ಹೊತ್ತಾಯಿತೆಂದು ನೋಡಿದರೆ
ಕೈಗಡಿಯಾರದ ತುಂಬ ಹಿಟ್ಟು.
ಊದಿ ಓದಿದೆ.