ಒಂದು ಸೇರು ಕಾಳು

ಗೋಣಿಕೊಪ್ಪ. ಸೋಮವಾರ. ಮೊದಲ ಪೀರಿಯಡ್ಡು.
ಎದುರಿಗೆ ಮೂವತ್ತೊಂದು ಮಂದಿ,
ಮಾಹಿತಿ ವ್ಯವಸ್ಥೆ ಓದುವವರು.
ಬಿಲ್ಲು ಬರೆಸಬಲ್ಲರು, ಸ್ಟಾಕು ತೋರಿಸಬಲ್ಲರು,
ತೋಟದಾಳುಗಳ ವಾರದ ಬಟವಾಡೆಯನ್ನು
ಹತ್ತು ನಿಮಿಷದಲ್ಲಿ ಪರದೆಗೆ ತರಬಲ್ಲರು.
"ಗುಂಡಿ ಒತ್ತಿದರೆ ಪಟ್ಟಿ ತಾನೇ ಸಾಲಾಗಿ ನಿಲ್ಲುತ್ತದೆ ಮೇಡಂ,
ಹೇಗೆ ನಿಲ್ಲುತ್ತದೆ ಅನ್ನೋದು ನಮಗೇಕೆ?"
ಕೇಳಿದವನು ಚೀಯಣ್ಣ. ಕೊನೆಯ ಬೆಂಚು,
ಅಪ್ಪನದು ಪೇಟೆಯಲ್ಲಿ ಕರಿಮೆಣಸಿನ ಮಂಡಿ.

ರಾತ್ರಿಯೆಲ್ಲ ಕೂತು ಮಾಡಿದ ನಲವತ್ತು ಸ್ಲೈಡುಗಳಲ್ಲಿ
ಎಲ್ಲೋ ಇತ್ತು ಅದಕ್ಕೆ ಉತ್ತರ.
ಮೂರನೆಯದಕ್ಕೇ ಕರೆಂಟು ಹೋಯಿತು.

ಚೀಲದಲ್ಲಿ ಅತ್ತಿಗೆ ಕೊಟ್ಟ ಪೊಟ್ಟಣ,
ಔಟ್‌ಟರ್ನ್ ನೋಡಿಸಿಕೊಂಡು ಬಾ ಎಂದು,
ಸಿಪ್ಪೆ ಬಿಡಿಸಿದ ಕಾಫಿ, ಒಂದು ಸೇರು.
ಮೇಜಿನ ಮೇಲೆ ಸುರಿದೆ.
ಇಪ್ಪತ್ತನಾಲ್ಕು ಕಾಳು ಎಣಿಸಿಟ್ಟೆ.
"ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ.
ಒಂದು ಹೊತ್ತಿಗೆ ಎರಡೇ ಕಾಳು ನೋಡಬೇಕು,
ಮೂರನೆಯದಕ್ಕೆ ಕಣ್ಣಿಲ್ಲ ಗಣಕಕ್ಕೆ."

ಚೀಯಣ್ಣ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಿದ,
ಉಳಿದದ್ದರಲ್ಲಿ ಮತ್ತೆ ದೊಡ್ಡದನ್ನು,
ಮತ್ತೆ. ರಮ್ಸೀನಾ ಗೋಡೆಯ ಮೇಲೆ
ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತ ಹೋದಳು.
ಹನ್ನೆರಡು ಕಾಳಾಗಿದ್ದರೆ ಅರವತ್ತಾರು ಗೆರೆ ಸಾಕಿತ್ತು.
ಇಪ್ಪತ್ತನಾಲ್ಕಕ್ಕೆ ಇನ್ನೂರ ಎಪ್ಪತ್ತಾರು.
ಕಾಳು ಎರಡರಷ್ಟು, ದಣಿವು ನಾಲ್ಕರಷ್ಟಕ್ಕೂ ಮೇಲೆ.
"ಇಡೀ ಗೋದಾಮಾದರೆ?"
"ಮುಂದಿನ ಹೂಮಳೆ ಬಂದು ಹೋಗುತ್ತದೆ," ಯಾರೋ ಅಂದರು.

ಆಮೇಲೆ ದೇಚಮ್ಮ
ರಾಶಿಯನ್ನು ಅರ್ಧ ಮಾಡಿ ಪಕ್ಕದವರಿಗೆ ಕೊಟ್ಟಳು.
ಅವರೂ ಅರ್ಧ ಮಾಡಿ ಹಿಂದಕ್ಕೆ ದಾಟಿಸಿದರು,
ಹಿಂದಿನವರು ಇನ್ನೂ ಹಿಂದಕ್ಕೆ.
ಅಷ್ಟರಲ್ಲಿ ಬಾಗಿಲಲ್ಲಿ ಕಾವೇರಪ್ಪ, ಬೆವರಿ:
ತಿತಿಮತಿ ರಸ್ತೆಗೆ ಆನೆ ಅಡ್ಡ ನಿಂತಿತ್ತು,
ಸುತ್ತಿ ಬಂದೆ ಎಂದ.
(ಆ ಸುತ್ತಿಗೂ ಒಂದು ಪಾಠವಿದೆ, ಇನ್ನೊಂದು ದಿನ.)
ಅವನ ಅಂಗೈಗೆ ಬಂದದ್ದು ಒಂದೇ ಕಾಳು.
ತಿರುಗಿಸಿ ನೋಡಿ ನಕ್ಕ:
"ನನ್ನದು ಆಗಲೇ ಜೋಡಿಸಿಯಾಗಿದೆ ಮೇಡಂ."
ಆ ಮಾತನ್ನು ಹೇಳಿಸಲು
ಹೋದ ವರ್ಷ ನನಗೆ ಎರಡು ವಾರ ಹಿಡಿದಿತ್ತು.
ಒಂದೊಂದಾಗಿ ಹೆಣೆದುಕೊಂಡು ಸಾಲುಗಳು ಮುಂದೆ ಬಂದವು.
ಗೋಡೆಯ ಮೇಲೆ ಎಂಬತ್ತನಾಲ್ಕು ಗೆರೆ.

ಮುತ್ತಿಯನ್ನು ಯಾರೂ ಗಮನಿಸಿರಲಿಲ್ಲ.
ಮೇಜಿನಲ್ಲಿ ಉಳಿದ ಸೇರಿನ ರಾಶಿಗೆ ಕೈ ಹಾಕಿ
ನೋಟ್‌ಬುಕ್ಕಿನ ಹಾಳೆ ಹರಿದು ಐದು ಕಡೆ ಹಾಸಿದ್ದಳು:
ಎಎ, ಎ, ಬಿ, ಪೀಬೆರಿ, ಒಡಕು.
ಎರಡು ಕಾಳನ್ನು ಒಟ್ಟಿಗೆ ನೋಡುತ್ತಲೇ ಇರಲಿಲ್ಲ.
ಒಂದನ್ನು ಒಂದೇ ಸಲ ಮುಟ್ಟುವುದು,
ಮುಟ್ಟಿದ ಬೆರಳಿಗೆ ಜಾಗ ಗೊತ್ತು.
ನಾವು ಇಪ್ಪತ್ತನಾಲ್ಕರಲ್ಲಿ ಜಗಳಾಡುವಾಗ
ಅವಳ ರಾಶಿ ಮುಕ್ಕಾಲು ಕರಗಿತ್ತು.

"ಇವಳು ನಿಯಮ ಮುರಿದಳು!" ಚೀಯಣ್ಣ.
ಮುರಿದಳು, ನಿಜ.
ನನ್ನ ಪಠ್ಯದಲ್ಲಿ ಅದು ಎಂಟನೆಯ ವಾರ.
"ಎಲ್ಲಿ ಕಲಿತೆ?"
"ಅಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ," ಎಂದಳು ತಲೆ ಎತ್ತದೆ,
"ಕಿಲೋ ಲೆಕ್ಕದಲ್ಲಿ ಕೂಲಿ. ನಿಧಾನ ಮಾಡಿದರೆ ಬರಲ್ಲ."

ಹೋದ ಸೆಮಿಸ್ಟರಿನ ಪ್ರಾಜೆಕ್ಟು ನೆನಪಾಯಿತು:
ಇದೇ ಮಕ್ಕಳು ಅದೇ ಕ್ಯೂರಿಂಗಿಗೆ ಮಾಡಿದ ಬಟವಾಡೆ ಪಟ್ಟಿ,
ನಾನೇ ಹತ್ತಕ್ಕೆ ಒಂಬತ್ತು ಕೊಟ್ಟದ್ದು.
ಅದರಲ್ಲಿ ಅವಳ ಅಮ್ಮ ಒಂದು ಸಾಲು:
ಹೆಸರು, ಕಿಲೋ, ರೂಪಾಯಿ.
ಬೆರಳಿಗೆ ಕಾಲಮ್ಮು ಇರಲಿಲ್ಲ.

ಕರೆಂಟು ಬಂತು. ಗೋಡೆಯ ಗೆರೆಗಳ ಮೇಲೆಯೇ
ನಾಲ್ಕನೆಯ ಸ್ಲೈಡು ಬಿತ್ತು:
ಗಣಕ ವಿಜ್ಞಾನ ಎಂದರೇನು?
ಓದುವಷ್ಟರಲ್ಲಿ ಗಂಟೆ ಹೊಡೆಯಿತು.

ಎಲ್ಲರೂ ಹೋದ ಮೇಲೆ ಚೀಯಣ್ಣ ನಿಂತೇ ಇದ್ದ.
"ಅವಳ ಅಮ್ಮನ ಕೈ ಮಾಡೋದನ್ನ ಬರೆಯೋದಾದರೆ
ಎಷ್ಟು ಸಾಲು ಕೋಡ್ ಆಗುತ್ತೆ ಮೇಡಂ?"
ಗೊತ್ತಿಲ್ಲ ಎಂದೆ.
ಬಗ್ಗಿ ಬೆಂಚಿನಡಿ ಉರುಳಿದ ಕಾಳು ಹೆಕ್ಕತೊಡಗಿದ.
ನಾನು ಐದು ಹಾಳೆಗಳನ್ನು ಬೇರೆಬೇರೆ ಮಡಚಿ ಕಟ್ಟಿದೆ,
ಅತ್ತಿಗೆ ಬೈದರೆ ಬೈಯಲಿ.