ಅಳಿವೆ

ಮುಹರ್ರಕ್‌ನ ಈ ಓಣಿಯಲ್ಲಿ
ಏಸಿಯಿಂದ ಡಬ್ಬಕ್ಕೆ ತೊಟ್ಟಿಕ್ಕುವುದೇ ಹೊಳೆ.
ತುಂಬಿದಾಗ ರೆಹಾನ್ ಗಿಡಕ್ಕೆ ಸುರಿಯುತ್ತೇನೆ.
ಮಾಮಾ ತರ್ಫಾ ಕಿಟಕಿಯಿಂದ ನೋಡಿ,
"ಆಯಿತಲ್ಲ ನಿನ್ನ ಜನ್ನತ್,
ಕೆಳಗೆ ನದಿ ಹರಿಯುವ ತೋಟ!"

ಎಂಬತ್ತೊಂಬತ್ತು ವರ್ಷ. ಮೊಣಕಾಲು ಮಡಚದು.
ಕುರ್ಚಿಯಲ್ಲೇ ನಮಾಜು, ಕುರ್ಚಿಯಲ್ಲೇ ಜಗಳ.
ಉಳ್ಳಾಲದ ನೆಬೀಸುವನ್ನು ನಫೀಸಾ ಮಾಡಿ
ಏಳು ವರ್ಷವಾಯಿತು. ಕರೆದರೆ
ಇಬ್ಬರೂ ಏಳುತ್ತೇವೆ.

ಅವಳ ಅಪ್ಪ ಮುತ್ತು ತೆಗೆದವನಲ್ಲ,
ನೀರು ತೆಗೆದವನು.
ಉಪ್ಪುಕಡಲಿನ ತಳದಲ್ಲಿ ಸಿಹಿನೀರಿನ ಬುಗ್ಗೆ.
ಚೋಚಬ್ ಅನ್ನುತ್ತಾಳೆ, ನಕ್ಷತ್ರ ಅಂತ ಅರ್ಥ.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು,
ಆಡಿನ ತೊಗಲಿನ ಚೀಲ ಬಗಲಿಗೆ.
ಕಡಲೊಳಗೆ ಇಳಿದು ಕಡಲಲ್ಲದ್ದನ್ನು
ತುಂಬಿಕೊಂಡು ಬರುತ್ತಿದ್ದ.
ಮುತ್ತಿನ ಹಡಗಿನವರೆಲ್ಲ ಕುಡಿದದ್ದು ಅದನ್ನೇ.
ಒಂದು ಬೇಸಗೆ ಚೀಲವೊಂದೇ ಮೇಲೆ ಬಂತು,
ಬಾಯಿ ಬಿಗಿದಿತ್ತು, ತುಂಬಿತ್ತು.

ಮುಳುಗಿ ಸತ್ತವನು ಶಹೀದ್ ಅಂದರು ಎಲ್ಲರೂ.
ಆ ನೀರನ್ನೇನು ಮಾಡಿದರೆಂದು
ಯಾರೂ ಹೇಳಲಿಲ್ಲ.
ಕುಡಿದಿರುತ್ತಾರೆ. ಬೇಸಗೆಯಲ್ಲವೇ.

ಮೊನ್ನೆ ಕಾಲು ತೊಳೆಯುತ್ತಿದ್ದಾಗ ಕೇಳಿದಳು:
"ಅಲ್ಲಿ ನೀರಿನ ಹೊಳೆ, ಹಾಲಿನದು, ಜೇನಿನದು,
ಮತ್ತೇರಿಸದ ಮದಿರೆಯದು. ಸರಿ.
ಕಡಲು? ಕಡಲಿದೆ ಅಂತ ಎಲ್ಲಾದರೂ ಓದಿದ್ದೀಯಾ?
ಮುಳುಗುವುದು ಬಿಟ್ಟು ಬೇರೇನೂ ಬಾರದ ಮನುಷ್ಯ,
ದಿನವಿಡೀ ದಿಂಬಿಗೊರಗಿ ಏನು ಮಾಡುತ್ತಾನೆ?"

ಮದ್ರಸದಲ್ಲಿ ಉಸ್ತಾದರ ಬೆತ್ತಕ್ಕೆ ಹೆದರಿ
ಕಲಿತದ್ದನ್ನೆಲ್ಲ ತಡಕಾಡಿದೆ:
ನೂರು ವರ್ಷ ಕುದುರೆ ಓಡಿದರೂ ಮುಗಿಯದ ನೆರಳು,
ಕೈಗೆ ಬಾಗುವ ಗೊನೆ, ಹಸಿರು ರೇಷ್ಮೆ,
ಎಂಟು ಬಾಗಿಲು.
ಎಂಟರಲ್ಲಿ ಒಂದೂ ಕಡಲಿಗೆ ತೆರೆದ ನೆನಪಿಲ್ಲ.
"ಮನಸ್ಸು ಬಯಸಿದ್ದೆಲ್ಲ ಅಲ್ಲಿದೆಯಂತೆ ಮಾಮಾ."
"ಬಯಸಿದರೆ ತಾನೇ.
ಬಯಸಲು ಮರೆತಿದ್ದರೆ?"

ಮತ್ತೆ ತಾನೇ ನಕ್ಕಳು.
ಮುದುಕಿಯರು ಸ್ವರ್ಗಕ್ಕೆ ಹೋಗುವುದಿಲ್ಲ ಅಂತ
ಪ್ರವಾದಿಯವರು ಒಬ್ಬಾಕೆಯೊಡನೆ ತಮಾಷೆ ಮಾಡಿದ್ದರಂತೆ;
ಆಕೆ ಅತ್ತಾಗ, ಹರೆಯದವರಾಗಿ ಹೋಗುವಿರಿ ಅಂದರಂತೆ.
"ಎಲ್ಲರಿಗೂ ಮೂವತ್ತಮೂರು.
ಅಪ್ಪ ಇಪ್ಪತ್ತಾರಕ್ಕೇ ಹೋದವನು, ಅಲ್ಲಿ ಏಳು ವರ್ಷ ಬೆಳೆಯಬೇಕು.
ನಾನು ಇಷ್ಟೆಲ್ಲ ಇಳಿಯಬೇಕು.
ಎದುರು ನಿಂತಾಗ
ಮೊದಲು ಸಲಾಂ ಹೇಳಬೇಕಾದವರು ಯಾರು, ನಫೀಸಾ?"

ಸಿಹಿನೀರು, ಉಪ್ಪುನೀರು, ನಡುವೆ ಒಂದು ತಡೆ:
ಬರ್ಝಖ್.
ಸತ್ತವರು ಎದ್ದೇಳುವ ದಿನಕ್ಕೆ ಕಾಯುವಲ್ಲಿಗೂ
ಅದೇ ಹೆಸರು.
ನನ್ನೂರಿನಲ್ಲಿ ನೇತ್ರಾವತಿ ಕಡಲು ಸೇರುವ ಕಡೆ,
ಆಟಿಯ ತಿಂಗಳು, ನೀರು ಅರ್ಧ ಕೆಂಪು ಅರ್ಧ ಬೂದು,
ನಡುವೆ ನೊರೆಯ ಗೆರೆ.
ಅಳಿವೆ ಅನ್ನುತ್ತೇವೆ.
ಅಳಿಯುವುದಕ್ಕೂ ಅದಕ್ಕೂ ಒಂದೇ ಮಾತು ಯಾಕೆಂದು
ಇಲ್ಲಿಗೆ ಬಂದ ಮೇಲೆ ಹೊಳೆದದ್ದು.
ಅಲ್ಲಿ ದೋಣಿಯವರು ಹೆದರುತ್ತಾರೆ.
ಮೀನು ಹೆದರುವುದಿಲ್ಲ.

ಅಪ್ಪನ ಬುಗ್ಗೆಯಿದ್ದ ಕಡಲಿಗೆ ಮಣ್ಣು ತುಂಬಿ
ಈಗ ಕಾರು ನಿಲ್ಲಿಸುತ್ತಾರೆ.
ಗಾಲಿಕುರ್ಚಿ ತಳ್ಳಿಕೊಂಡು ಹೋಗಿದ್ದೆವು ಒಮ್ಮೆ.
ಹಳದಿ ಗೆರೆಗಳ ನಡುವೆ ಕಿವಿಗೊಟ್ಟು ಕೂತಳು.

"ಕೊನೆಯ ನೀರಿಗೆ ಕರ್ಪೂರ ಹಾಕುತ್ತಾರೆ, ಗೊತ್ತು.
ಚಿಟಿಕೆ ಉಪ್ಪೂ ಹಾಕು.
ಇಮಾಮರಿಗೆ ಹೇಳಬೇಡ.
ಕತ್ತಲಲ್ಲಿ ಅವನಿಗೆ
ವಾಸನೆಯಾದರೂ ಸಿಗಲಿ."

ಹೂಂ ಅಂದೆನೋ ಇಲ್ಲವೋ.
ಹಿಮ್ಮಡಿಯ ಬಿರುಕಿನಲ್ಲಿ ನೀರು ನಿಂತಿತ್ತು.
ಒರೆಸಿದೆ.